ಪ್ರೆಸ್ ಇಲ್ಲದೆ ಲಿನೋಕಟ್: ಮನೆಯ ಮೇಜಿನ ಮೇಲೆ ಅಚ್ಚು ತೆಗೆಯುವ ಬಗೆ

ಮುದ್ರಣಕಲೆ ಅಂದ ಕೂಡಲೇ ಭಾರಿ ಪ್ರೆಸ್ಸು, ಆಸಿಡ್ ತೊಟ್ಟಿ, ದಪ್ಪ ಕಲ್ಲು ಎಲ್ಲ ಕಣ್ಣ ಮುಂದೆ ಬರುತ್ತವೆ. ಲೋಹದ ತಗಡನ್ನು ಆಸಿಡ್‌ನಿಂದ ಕೊರೆಯುವ ಎಚ್ಚಿಂಗ್, ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಲಿಥೋಗ್ರಫಿ ಮಾಡುವವರಿಗೆ ಅವು ಬೇಕೇ ಬೇಕು. ಲಿನೋಲಿಯಂ ಹಾಳೆಯನ್ನು ಕೆತ್ತಿ ಅಚ್ಚು ತೆಗೆಯುವ ಲಿನೋಕಟ್‌ಗೆ ಬೇಡ. ಒಂದು ತುಂಡು ಲಿನೋಲಿಯಂ, ಎರಡು ಮೂರು ಉಳಿ, ಒಂದು ರಬ್ಬರ್ ರೋಲರ್, ಒಂದು ಡಬ್ಬಿ ಇಂಕ್, ಅಡುಗೆಮನೆಯ ಒಂದು ಚಮಚ. ಇಷ್ಟಿದ್ದರೆ ಶುರು ಮಾಡಬಹುದು.

ವಿಚಿತ್ರ ಅಂದರೆ, ಚೆನ್ನಾಗಿ ಚಿತ್ರ ಬರೆಯುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಪೆನ್ಸಿಲ್ ಹಿಡಿದಾಗ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆಯುತ್ತೀರಿ. ಲಿನೋದಲ್ಲಿ ಲೆಕ್ಕ ತಲೆಕೆಳಗು. ಉಳಿ ಕೊರೆದ ಜಾಗ ಕಾಗದದ ಬಿಳಿಯಾಗಿ ಬರುತ್ತದೆ, ಮುಟ್ಟದೆ ಬಿಟ್ಟ ಜಾಗ ಇಂಕಿನ ಕಪ್ಪಾಗಿ ಬರುತ್ತದೆ. ಅಂದರೆ ನೀವು ಕೆತ್ತುವುದು ಬೆಳಕನ್ನು. ಪೆನ್ಸಿಲ್ ಗೆರೆಯನ್ನು ಹಾಗೇ ಉಳಿಸಿಕೊಳ್ಳಲು ಅದರ ಎರಡೂ ಬದಿ ಕೊರೆಯುತ್ತಾ ಹೋದರೆ ಕೈ ನೋಯುತ್ತದೆ, ಗೆರೆ ಮುರಿಯುತ್ತದೆ, ಕೊನೆಗೆ ಬರುವುದು ಒಂದು ಬಡಕಲು ಚಿತ್ರ. ಈ ಮಾರ್ಗದರ್ಶಿಯಲ್ಲಿ ಬೇರೆ ಎಲ್ಲ ಮರೆತರೂ ಪರವಾಗಿಲ್ಲ, ಇದೊಂದು ತಲೆಯಲ್ಲಿ ಇರಲಿ.

ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಪಾಠ ಇದೆ. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದಾಗ ಶಾಂತಿನಿಕೇತನದ ನಂದಲಾಲ್ ಬೋಸ್ ಒಂದು ಲಿನೋಕಟ್ ಮಾಡಿದರು. ಕೋಲು ಹಿಡಿದು ನಡೆಯುತ್ತಿರುವ ಗಾಂಧಿ. ಸುತ್ತ ಬರೀ ಕಪ್ಪು. ಮೈ, ಬಟ್ಟೆ, ಕೋಲು ಎಲ್ಲ ಕೆಲವೇ ಬಿಳಿ ಗೆರೆಗಳಲ್ಲಿ. ಆ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಒಂದೊಂದೇ ಗೆರೆ ನೋಡಿ. ಉಳಿ ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು ಅನ್ನುವುದು ತಿಳಿಯುತ್ತದೆ. ಅವರು ಏನನ್ನು ಕೆತ್ತದೆ ಬಿಟ್ಟರು ಅನ್ನುವುದನ್ನು ಅದಕ್ಕಿಂತ ಹೆಚ್ಚು ಗಮನಿಸಿ.

ಸಾಮಾನು

ಲಿನೋಲಿಯಂ ಮೂಲತಃ ನೆಲಕ್ಕೆ ಹಾಸುವ ವಸ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇದನ್ನು ಕಂಡುಹಿಡಿದರು. ಗಟ್ಟಿಯಾಗಿಸಿದ ಅಗಸೆ ಎಣ್ಣೆ, ರಾಳ, ಕಾರ್ಕ್ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡುತ್ತಾರೆ. ಮರಕ್ಕಿರುವಂತೆ ಇದಕ್ಕೆ ನಾರಿನ ದಿಕ್ಕು ಇಲ್ಲ. ಉಳಿ ಯಾವ ಕಡೆ ಬೇಕಾದರೂ ಹೋಗುತ್ತದೆ. ಕಲಿಯುವವರಿಗೆ ಮರಕ್ಕಿಂತ ಲಿನೋ ಒಳ್ಳೆಯದು ಅನ್ನುವುದು ಇದಕ್ಕೇ.

ಆರ್ಟ್ ಅಂಗಡಿಯಲ್ಲಿ ಸುಮಾರು 3 ಮಿಲಿಮೀಟರ್ ದಪ್ಪದ ಬೂದು ಅಥವಾ ಕಂದು ಬಣ್ಣದ ಲಿನೋ ಕೇಳಿ. ಕೊಳ್ಳುವ ಮುಂಚೆ ಮೂಲೆಯನ್ನು ಸ್ವಲ್ಪ ಬಗ್ಗಿಸಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಅದು ಹಳೇ ಸರಕು, ಬೇಡ. ಗುಲಾಬಿ ಬಣ್ಣದ ಮೆತ್ತನೆ ರಬ್ಬರ್ ಹಾಳೆಯೂ ಸಿಗುತ್ತದೆ. ಮಕ್ಕಳಿಗೆ ಅದು ಸರಿ. ಆದರೆ ತೆಳು ಗೆರೆಗಳು ರೋಲರ್ ಕೆಳಗೆ ಅಲುಗಾಡುತ್ತವೆ, ಅಂಚು ಚುರುಕಾಗಿ ಬರುವುದಿಲ್ಲ. ದೊಡ್ಡವರು ನೇರವಾಗಿ ಲಿನೋಗೇ ಕೈ ಹಾಕುವುದು ವಾಸಿ.

ಉಳಿಗಳ ವಿಷಯದಲ್ಲಿ ಹತ್ತು ತುಂಡಿನ ಅಗ್ಗದ ಸೆಟ್ ನೋಡಿ ಮರುಳಾಗಬೇಡಿ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಮೂರು. ವಿ ಆಕಾರದ ಸಣ್ಣ ಉಳಿ ಗೆರೆಗೆ ಮತ್ತು ಅಂಚಿಗೆ. ಯು ಆಕಾರದ ನಡುಗಾತ್ರದ ಉಳಿ ಎಲೆ, ರೆಕ್ಕೆಯಂಥ ಉಬ್ಬಿದ ಗುರುತುಗಳಿಗೆ. ಯು ಆಕಾರದ ಅಗಲದ ಉಳಿ ಖಾಲಿ ಜಾಗ ಕೆತ್ತಿ ತೆಗೆಯಲು. ದುಡ್ಡು ಇದ್ದರೆ ಈ ಮೂರನ್ನೇ ಒಳ್ಳೆಯ ಉಕ್ಕಿನಲ್ಲಿ ಬಿಡಿಬಿಡಿಯಾಗಿ ಕೊಳ್ಳಿ. ಜೊತೆಗೆ ಒಂದು ಚರ್ಮದ ತುಂಡು ಇಟ್ಟುಕೊಳ್ಳಿ, ಹಳೇ ಬೆಲ್ಟ್ ಸಾಕು. ಅದರ ಒರಟು ಬದಿಗೆ ಲೋಹ ಹೊಳಪಿಸುವ ಪೇಸ್ಟ್ ಹಚ್ಚಿ, ಉಳಿಯನ್ನು ಹಿಂದಕ್ಕೆ ಎಳೆದು ಎಳೆದು ಉಜ್ಜಿ. ಅರ್ಧ ಗಂಟೆಗೊಮ್ಮೆ ಹೀಗೆ ಮಾಡಿದರೆ ಮೊನೆ ಚುರುಕಾಗಿ ಇರುತ್ತದೆ. ಕೈ ಕುಯ್ದುಕೊಳ್ಳುವುದು ಹೆಚ್ಚಾಗಿ ಮೊಂಡ ಉಳಿಯಿಂದ, ಯಾಕೆಂದರೆ ಅದನ್ನು ಬಲವಾಗಿ ತಳ್ಳಬೇಕಾಗುತ್ತದೆ, ತಳ್ಳಿದಾಗ ಜಾರುತ್ತದೆ.

ಇಂಕಿನಲ್ಲಿ ಎರಡು ಬಗೆ, ನೀರಿನದು ಮತ್ತು ಎಣ್ಣೆಯದು. ಯಾವುದು ಅನ್ನುವುದು ನಿಮ್ಮ ಊರಿನ ಹವೆಯನ್ನೂ ನೋಡಿ ನಿರ್ಧರಿಸಬೇಕಾದ ಮಾತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀರಿನ ಇಂಕ್ ಗಾಜಿನ ಮೇಲೆ ಹರಡುವಷ್ಟರಲ್ಲೇ ಒಣಗಲು ಶುರುವಾಗುತ್ತದೆ. ಮಂಗಳೂರು, ಮಡಿಕೇರಿಯ ಮಳೆಗಾಲದಲ್ಲಿ ಎಣ್ಣೆಯ ಇಂಕ್ ವಾರ ಕಳೆದರೂ ಬೆರಳಿಗೆ ಹತ್ತುತ್ತದೆ. ಆದರೂ ನನ್ನ ಮತ ಎಣ್ಣೆಯ ಇಂಕಿಗೇ. ಕಪ್ಪು ಗಾಢವಾಗಿ ಬರುತ್ತದೆ, ನಿಧಾನವಾಗಿ ಕೆಲಸ ಮಾಡಲು ಬಿಡುತ್ತದೆ. ಎಣ್ಣೆಯದೇ ಆಗಿದ್ದೂ ಸೋಪಿನ ನೀರಿಗೆ ಹೋಗುವ ಇಂಕ್‌ಗಳೂ ಈಗ ಸಿಗುತ್ತವೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಮನೆಯಲ್ಲಿ ಮಾಡುವವರಿಗೆ ಅನುಕೂಲ. ಆಫ್‌ಸೆಟ್ ಪ್ರೆಸ್ಸಿನ ಇಂಕಿನಲ್ಲಿ ಅಚ್ಚು ಹಾಕುವವರೂ ಇದ್ದಾರೆ. ಅದು ತೀರಾ ಅಂಟಂಟು ಅನ್ನಿಸಿದರೆ ಒಂದೆರಡು ತೊಟ್ಟು ಅಗಸೆ ಎಣ್ಣೆ ಬೆರೆಸಿ. ಅಕ್ರಿಲಿಕ್, ಪೋಸ್ಟರ್ ಕಲರ್ ಮಾತ್ರ ಬೇಡ. ಅವು ರೋಲರ್‌ಗೆ ತೆಳುವಾಗಿ ಕೂರುವುದಿಲ್ಲ, ಬೇಗ ಒಣಗಿ ಬ್ಲಾಕಿಗೆ, ಅಂದರೆ ಕೆತ್ತಿದ ಲಿನೋ ತುಂಡಿಗೆ, ಮೆತ್ತಿಕೊಳ್ಳುತ್ತವೆ.

ಕಾಗದ ತೆಳುವಾಗಿರಲಿ. ಕೈಯಲ್ಲಿ ಉಜ್ಜಿ ಅಚ್ಚು ತೆಗೆಯುವಾಗ 40ರಿಂದ 90 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಒಳಗಿನ ಕಾಗದ ಸುಲಭ. ನೇಪಾಳದ ಲೋಕ್ತಾ ಕಾಗದ, ಜಪಾನಿನ ಕೋಝೋ ಕಾಗದ ಎರಡೂ ತೆಳು, ಎರಡೂ ಗಟ್ಟಿ. ಉಜ್ಜಿದರೆ ಹರಿಯುವುದಿಲ್ಲ. ವಾಟರ್ ಕಲರಿನ 300 ಜಿಎಸ್‌ಎಂ ಕಾಗದ ಎಷ್ಟೇ ಚಂದ ಇದ್ದರೂ ಅದು ಪ್ರೆಸ್ ಇರುವವರಿಗೆ. ಪರೀಕ್ಷೆಯ ಅಚ್ಚಿಗೆ ನ್ಯೂಸ್‌ಪ್ರಿಂಟ್ ಧಾರಾಳವಾಯಿತು.

ಉಳಿದಂತೆ ಒಂದು ದಪ್ಪ ಗಾಜು, ಅಂಚು ಉಜ್ಜಿಸಿದ್ದು. ಬಣ್ಣ ಹರಡಲು ಚಪ್ಪಟೆ ಚಾಕು. ನಾಲ್ಕು ಇಂಚಿನ ಮೆತ್ತನೆ ರಬ್ಬರ್ ರೋಲರ್. ಟ್ರೇಸಿಂಗ್ ಪೇಪರ್, ಮೆತ್ತನೆ ಕಡ್ಡಿಯ 4ಬಿ ಪೆನ್ಸಿಲ್, ಸಣ್ಣ ಮರಳು ಕಾಗದ. ಉಜ್ಜಲು ಮರದ ಚಮಚ ಅಥವಾ ಸ್ಟೀಲ್ ಸೌಟು. ಇನ್ನೊಂದನ್ನು ಬಡಗಿಯ ಹತ್ತಿರ ಮಾಡಿಸಿಕೊಳ್ಳಿ: ಒಂದು ಹಲಗೆ, ಅದರ ಒಂದು ತುದಿಯಲ್ಲಿ ಕೆಳಮುಖವಾಗಿ ಒಂದು ಪಟ್ಟಿ, ಎದುರು ತುದಿಯಲ್ಲಿ ಮೇಲ್ಮುಖವಾಗಿ ಇನ್ನೊಂದು ಪಟ್ಟಿ. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಕಚ್ಚಿ ನಿಲ್ಲುತ್ತದೆ, ಮೇಲಿನ ಪಟ್ಟಿಗೆ ಲಿನೋ ಆನಿಸಿಕೊಳ್ಳುತ್ತದೆ. ಇದಿದ್ದರೆ ಎಡಗೈಯನ್ನು ಉಳಿಯ ಮುಂದೆ ಇಡುವ ಪ್ರಮೇಯವೇ ಬರುವುದಿಲ್ಲ.

ಚಿತ್ರ ಬರೆಯುವುದು, ಇಳಿಸುವುದು

ಮೊದಲ ಬ್ಲಾಕ್ 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಇರಲಿ. ವಿಷಯ ಏನು? ಕಾಗೆ. ಸುಮ್ನೆ ಹೇಳುತ್ತಿಲ್ಲ. ಕರೆಂಟ್ ತಂತಿಯ ಮೇಲೆ ಕೂತ ಕಾಗೆಗೆ ಲಿನೋ ಹೇಳಿ ಮಾಡಿಸಿದ ಮಾಧ್ಯಮ. ದೇಹ ಬಹುಪಾಲು ಕಪ್ಪು, ಹೊರ ಆಕಾರ ನೋಡಿದ ಕೂಡಲೇ ಗುರುತು ಸಿಗುತ್ತದೆ, ರೆಕ್ಕೆಗೆ ನಾಲ್ಕಾರು ಬಿಳಿ ಗೆರೆ ಕೊಟ್ಟರೆ ಸಾಕು. ಮನುಷ್ಯರ ಮುಖವನ್ನು ಮೊದಲಿಗೆ ಮುಟ್ಟಬೇಡಿ. ಒಂದು ಉಳಿ ತಪ್ಪಿದರೆ ಯಾರೋ ಬೇರೆಯವರ ಮುಖ ಆಗಿರುತ್ತದೆ.

ಪೆನ್ಸಿಲ್ ಗೆರೆಗಳಲ್ಲಿ ಚಿತ್ರ ಬರೆಯುವ ಬದಲು ಕಪ್ಪು ಕಾಗದದ ಮೇಲೆ ಬಿಳಿ ಪೆನ್ಸಿಲ್ ಅಥವಾ ಬಳಪದಲ್ಲಿ ಬರೆಯಿರಿ. ಕಾಗೆಯ ಬೆನ್ನಿನ ಮೇಲೆ ಬಿಸಿಲು ಎಲ್ಲಿ ಬಿದ್ದಿದೆಯೋ ಅಲ್ಲಿ ಮಾತ್ರ ಬಳಪ ಓಡಲಿ. ಬಳಪದ ಪ್ರತಿ ಗುರುತೂ ನಾಳೆ ಉಳಿಯ ಗುರುತು. ಬೂದು ಬಣ್ಣ ಬೇಕಾದ ಕಡೆ ಬಳಪವನ್ನು ತಿಕ್ಕಿ ಮಸುಕು ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಲಿನೋದಲ್ಲಿ ಬೂದು ಅನ್ನುವುದೇ ಇಲ್ಲ. ಹತ್ತಿರ ಹತ್ತಿರ ಎಳೆದ ಸಣ್ಣ ಗೆರೆಗಳು ದೂರದಿಂದ ಬೂದಾಗಿ ಕಾಣುತ್ತವೆ, ಅಷ್ಟೇ.

ಅಚ್ಚಿನಲ್ಲಿ ಎಡ ಬಲ ಅದಲು ಬದಲಾಗುತ್ತದೆ ಅಲ್ವಾ. ಅದಕ್ಕೆ ಸುಲಭ ಉಪಾಯ ಇದೆ. ಚಿತ್ರವನ್ನು ಟ್ರೇಸಿಂಗ್ ಪೇಪರಿಗೆ 4ಬಿ ಪೆನ್ಸಿಲಿನಲ್ಲಿ ನೇರವಾಗಿ ನಕಲು ಮಾಡಿ. ಆ ಹಾಳೆಯನ್ನು ಬೋರಲು ಹಾಕಿ ಲಿನೋಗೆ ಟೇಪಿನಿಂದ ಅಂಟಿಸಿ, ಹಿಂಬದಿಯಿಂದ ಚಮಚದಲ್ಲಿ ಉಜ್ಜಿ. ಪೆನ್ಸಿಲ್ ಪುಡಿ ಲಿನೋಗೆ ಇಳಿಯುತ್ತದೆ, ಚಿತ್ರ ತಿರುಗಿಕೊಳ್ಳುತ್ತದೆ. ಅಚ್ಚು ತೆಗೆದಾಗ ಮತ್ತೊಮ್ಮೆ ತಿರುಗಿ ನೀವು ಬರೆದಂತೆಯೇ ಬರುತ್ತದೆ. ಇದಕ್ಕೂ ಮುಂಚೆ ಲಿನೋ ಮೇಲ್ಮೈಯನ್ನು ಸಣ್ಣ ಮರಳು ಕಾಗದದಿಂದ ಹಗುರಾಗಿ ಉಜ್ಜಿ ಒರೆಸಿ, ಜಿಡ್ಡು ಹೋಗಲಿ. ನೀರು ಬೆರೆಸಿದ ಇಂಡಿಯನ್ ಇಂಕನ್ನು ತೆಳುವಾಗಿ ಬಳಿದು ಒಣಗಿಸಿದರೆ ಇನ್ನೂ ಒಳ್ಳೆಯದು. ಉಳಿ ಹೋದಲ್ಲೆಲ್ಲ ತಿಳಿ ಬಣ್ಣ ಎದ್ದು ಕಾಣುತ್ತದೆ, ಅಚ್ಚು ಹೇಗಿರುತ್ತದೆ ಅನ್ನುವ ಅಂದಾಜು ಆಗಲೇ ಸಿಗುತ್ತದೆ.

ಕನ್ನಡ ಅಕ್ಷರ ಕೆತ್ತುವ ಆಸೆ ಇದ್ದರೆ ಒಂದು ಮಾತು. ನಮ್ಮ ಅಕ್ಷರಗಳಲ್ಲಿ ನೇರ ಗೆರೆಗಿಂತ ಸುತ್ತುಗಳೇ ಜಾಸ್ತಿ, ಜೊತೆಗೆ ಒತ್ತಕ್ಷರಗಳು. ಅಕ್ಷರ ಕನಿಷ್ಠ ಎರಡು ಸೆಂಟಿಮೀಟರ್ ಎತ್ತರ ಇಲ್ಲದಿದ್ದರೆ ಒತ್ತಿನ ಒಳಗಿನ ಬಿಳಿ ಇಂಕಿನಿಂದ ಮುಚ್ಚಿಹೋಗುತ್ತದೆ. ಕಪ್ಪು ಅಕ್ಷರ ಉಳಿಸಿಕೊಂಡು ಸುತ್ತ ಕೆತ್ತುವುದಕ್ಕಿಂತ ಅಕ್ಷರವನ್ನೇ ಬಿಳಿಯಾಗಿ ಕೊರೆಯುವುದು ಹತ್ತು ಪಟ್ಟು ಸುಲಭ. ಕೊರೆಯುವ ಮುಂಚೆ ಕನ್ನಡಿ ಹಿಡಿದು ಒಮ್ಮೆ ಓದಿ ನೋಡಿ.

ಕೆತ್ತುವುದು

ಲಿನೋ ತಣ್ಣಗಿದ್ದರೆ ಗಟ್ಟಿ, ಬೆಚ್ಚಗಿದ್ದರೆ ಮೆತ್ತಗೆ. ಚಳಿ ದೇಶದವರು ಇದಕ್ಕೆ ಇಸ್ತ್ರಿಪೆಟ್ಟಿಗೆ ಹುಡುಕುತ್ತಾರೆ. ನಮಗೆ ಬಿಸಿಲಿದೆ. ಐದು ಹತ್ತು ನಿಮಿಷ ತಾರಸಿಯ ಮೇಲೆ ಇಟ್ಟು ತನ್ನಿ. ದಿನವಿಡೀ ಬಿಟ್ಟರೆ ಮಾತ್ರ ಒಣಗಿ ಕೆಡುತ್ತದೆ.

ಉಳಿಯ ಹಿಡಿ ಅಂಗೈಯಲ್ಲಿ ಕೂರಲಿ, ತೋರುಬೆರಳು ಉಕ್ಕಿನ ಮೇಲೆ ಇರಲಿ. ಮೊನೆಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು ತಳ್ಳಿ. ಉಳಿ ಪೂರ್ತಿ ಒಳಗೆ ಮುಳುಗಬಾರದು. ಅದರ ಎರಡೂ ಮೇಲಂಚು ಲಿನೋ ಮಟ್ಟಕ್ಕಿಂತ ಮೇಲೆಯೇ ಕಾಣುತ್ತಿರಬೇಕು. ಮುಳುಗಿದರೆ ಅಂಚು ಹರಿದು ಗೆರೆ ಒರಟಾಗುತ್ತದೆ. ಒಂದು ಮಿಲಿಮೀಟರ್ ಆಳ ಗೆರೆಗೆ ಸಾಕು, ಖಾಲಿ ಜಾಗಕ್ಕೆ ಎರಡು. ಸೆಣಬು ಕಂಡಿತು ಅಂದರೆ ಅತಿಯಾಯಿತು.

ತಿರುವು ಬಂದಾಗ ಉಳಿ ಹಿಡಿದ ಕೈ ನೇರವಾಗಿಯೇ ಇರಲಿ, ಎಡಗೈಯಲ್ಲಿ ಬ್ಲಾಕನ್ನು ತಿರುಗಿಸಿ. ಕಾಗೆಯ ಬೆನ್ನಿನ ಬಾಗು ಒಂದೇ ಓಟದಲ್ಲಿ ಬರಬೇಕಾದರೆ ಇದೊಂದೇ ದಾರಿ. ಆ ಎಡಗೈ ಯಾವಾಗಲೂ ಉಳಿಯ ಹಿಂದೆ ಇರಬೇಕು. ಈ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ.

ಕೆಲಸದ ಕ್ರಮ ಹೀಗಿರಲಿ. ಮೊದಲು ರೆಕ್ಕೆಯ ಸಣ್ಣ ಬಿಳಿ ಗೆರೆಗಳು, ಕಣ್ಣು, ಕೊಕ್ಕಿನ ಸೀಳು. ಇವು ಕೆಟ್ಟರೆ ಹೊಸ ಲಿನೋ ತೆಗೆದುಕೊಂಡರಾಯಿತು, ಹೆಚ್ಚು ಶ್ರಮ ಹಾಳಾಗಿರುವುದಿಲ್ಲ. ಆಮೇಲೆ ವಿ ಉಳಿಯಿಂದ ಕಾಗೆಯ ಸುತ್ತ, ತಂತಿಯ ಎರಡೂ ಬದಿ ಗಡಿ ಕೊರೆಯಿರಿ. ಗಡಿಯ ಇಳಿಜಾರು ಕಾಗೆಯಿಂದ ಹೊರಕ್ಕೆ ಇರಬೇಕು. ಒಳಕ್ಕೆ ಕೊರೆದರೆ ಅಂಚಿನ ಬುಡ ಟೊಳ್ಳಾಗಿ, ತಂತಿಯಂಥ ತೆಳು ಗೆರೆ ಎರಡನೇ ಅಚ್ಚಿಗೇ ಮುರಿಯುತ್ತದೆ. ಕೊನೆಗೆ ಅಗಲದ ಉಳಿಯಿಂದ ಆಕಾಶ ತೆಗೆಯಿರಿ. ಗಡಿ ಮೊದಲೇ ಇರುವುದರಿಂದ ಅಗಲದ ಉಳಿ ಅಲ್ಲಿಗೆ ಬಂದು ನಿಲ್ಲುತ್ತದೆ.

ಆಕಾಶ ಕೆತ್ತಿದಲ್ಲಿ ಸಣ್ಣ ಸಣ್ಣ ಏರುಗಳು ಉಳಿಯುತ್ತವೆ, ಅವು ಇಂಕ್ ಹಿಡಿದು ಅಚ್ಚಿನಲ್ಲಿ ಗೀರುಗಳಾಗಿ ಕಾಣುತ್ತವೆ. ಕೆಲವರು ಇವನ್ನು ಕೊಳಕು ಅಂತ ಪೂರ್ತಿ ನುಣ್ಣಗೆ ಮಾಡುತ್ತಾರೆ. ನನಗೆ ಅವು ಇಷ್ಟ. ಅವು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿ ಇರಬಾರದು, ಅಷ್ಟೇ. ಉಳಿಯನ್ನು ಒಂದೇ ದಿಕ್ಕಿಗೆ ಓಡಿಸಿದರೆ ಗಾಳಿ ಬೀಸಿದಂತೆ ಕಾಣುತ್ತದೆ, ಕಾಗೆಯ ಸುತ್ತ ಸುತ್ತಿಸಿದರೆ ಕಣ್ಣು ಕಾಗೆಯ ಕಡೆಗೇ ಹೋಗುತ್ತದೆ.

ಎಲ್ಲಿಗೆ ಬಂತು ಅಂತ ನೋಡಲು ಪ್ರತಿಸಲ ಇಂಕ್ ಹಚ್ಚಬೇಕಿಲ್ಲ. ಲಿನೋ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರೆ ಸಾಕಷ್ಟು ಗೊತ್ತಾಗುತ್ತದೆ. ಕೆತ್ತಿದ್ದನ್ನು ವಾಪಸ್ ತುಂಬಲು ಆಗುವುದಿಲ್ಲ, ಹಾಗಾಗಿ ಇನ್ನೂ ಸ್ವಲ್ಪ ಕೆತ್ತಬೇಕು ಅನ್ನಿಸುವಾಗಲೇ ನಿಲ್ಲಿಸಿ ಒಂದು ಪರೀಕ್ಷೆಯ ಅಚ್ಚು ತೆಗೆಯಿರಿ.

ಇಂಕ್ ಹಚ್ಚುವುದು

ಹೊಸಬರ ಅಚ್ಚು ಕೆಡುವುದು ಹೆಚ್ಚಾಗಿ ಇಲ್ಲಿಯೇ, ಕೆತ್ತನೆಯಲ್ಲಿ ಅಲ್ಲ. ಈ ಅಳತೆಯ ಬ್ಲಾಕಿಗೆ ಅರ್ಧ ಟೀ ಚಮಚ ಇಂಕ್ ಸಾಕು. ಚಾಕುವಿನಲ್ಲಿ ಚೆನ್ನಾಗಿ ಕಲಸಿ ಮೆತ್ತಗೆ ಮಾಡಿ ಗಾಜಿನ ಮೇಲೆ ಒಂದು ಪಟ್ಟಿಯಾಗಿ ಎಳೆಯಿರಿ. ರೋಲರನ್ನು ಉದ್ದಕ್ಕೆ ಓಡಿಸಿ, ತುದಿಯಲ್ಲಿ ಎತ್ತಿ, ಮತ್ತೆ ಓಡಿಸಿ. ಎತ್ತದೆ ಸುಮ್ನೆ ಹಿಂದೆ ಮುಂದೆ ಮಾಡಿದರೆ ರೋಲರಿನ ಅದೇ ಭಾಗ ಅದೇ ಜಾಗಕ್ಕೆ ಬರುತ್ತದೆ, ಇಂಕ್ ಸಮ ಆಗುವುದಿಲ್ಲ. ಅಡ್ಡಕ್ಕೂ ಒಮ್ಮೆ ಓಡಿಸಿ.

ಈಗ ಕಿವಿಗೊಡಿ. ಇಂಕ್ ಹದವಾಗಿದ್ದರೆ ರೋಲರ್ ಸಣ್ಣಗೆ ಸುಯ್ ಅನ್ನುತ್ತದೆ. ಚಟಚಟ ಅಂತ ಸದ್ದು ಮಾಡಿ ಗಾಜಿನ ಮೇಲೆ ಕಿತ್ತಳೆ ಸಿಪ್ಪೆಯಂಥ ಗುಳಿಗಳು ಕಂಡರೆ ಇಂಕ್ ಜಾಸ್ತಿಯಾಗಿದೆ. ಸ್ವಲ್ಪ ಕೆರೆದು ತೆಗೆಯಿರಿ. ಸದ್ದೇ ಇಲ್ಲದಿದ್ದರೆ ಕಡಿಮೆ.

ಬ್ಲಾಕಿಗೆ ಒಂದೇ ಸಲ ದಪ್ಪಗೆ ಹಚ್ಚುವ ಬದಲು ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ. ರೋಲರ್ ಮೇಲೆ ಭಾರ ಹಾಕಬೇಡಿ, ಅದರ ತೂಕವೇ ಸಾಕು. ಒತ್ತಿದರೆ ಇಂಕ್ ಸಣ್ಣ ಗೆರೆಗಳ ಒಳಗೆ ಇಳಿದು ರೆಕ್ಕೆ ಕುರುಡಾಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಲ್ಲ ಕಡೆ ಒಂದೇ ಮಂದ ಹೊಳಪು ಇರಬೇಕು. ಮೊದಲ ಎರಡು ಅಚ್ಚು ಪೇಲವವಾಗಿ ಬರುವುದು ಸಹಜ, ಹೊಸ ಲಿನೋ ಇಂಕನ್ನು ಹೀರಿಕೊಳ್ಳುತ್ತದೆ. ಅವು ನ್ಯೂಸ್‌ಪ್ರಿಂಟ್ ಮೇಲೆ ಹೋಗಲಿ.

ಅಚ್ಚು ತೆಗೆಯುವುದು

ಒಂದು ರಟ್ಟಿನ ಮೇಲೆ ಬ್ಲಾಕಿನ ಗಾತ್ರದ ಚೌಕ ಬರೆದು, ಅದರ ಎರಡು ಬದಿಗೆ ಲಿನೋ ದಪ್ಪದ ರಟ್ಟಿನ ಪಟ್ಟಿ ಅಂಟಿಸಿ. ಬ್ಲಾಕ್ ಆ ಮೂಲೆಗೆ ಸರಿಯಾಗಿ ಕೂರುತ್ತದೆ. ಕಾಗದದ ಮೂಲೆ ಎಲ್ಲಿಗೆ ಬರಬೇಕು ಅನ್ನುವುದಕ್ಕೂ ಹೊರಗೆ ಒಂದು ಗುರುತು ಹಾಕಿ. ಕಾಗದ ಬ್ಲಾಕಿಗಿಂತ ನಾಲ್ಕೂ ಕಡೆ ನಾಲ್ಕು ಸೆಂಟಿಮೀಟರ್ ದೊಡ್ಡದಿರಲಿ.

ಕೈ ತೊಳೆದು ಒರೆಸಿ ಕಾಗದ ಮುಟ್ಟಿ. ಒಂದು ಅಂಚನ್ನು ಗುರುತಿಗೆ ತಾಗಿಸಿ, ಉಳಿದದ್ದನ್ನು ಮೆಲ್ಲಗೆ ಇಳಿಯಬಿಡಿ. ಒಮ್ಮೆ ತಾಗಿದ ಮೇಲೆ ಸರಿಸಬೇಡಿ, ಎರಡೆರಡು ಕಾಗೆ ಬರುತ್ತವೆ. ಅಂಗೈಯಿಂದ ಮೊದಲು ಸವರಿ ಕೂರಿಸಿ. ಮೇಲೆ ಒಂದು ಬಟರ್ ಪೇಪರ್ ಇಟ್ಟು ಚಮಚದ ಹಿಂಬದಿಯಿಂದ ಸಣ್ಣ ಸಣ್ಣ ಸುತ್ತುಗಳಲ್ಲಿ ನಡುವಿನಿಂದ ಅಂಚಿನವರೆಗೆ ಉಜ್ಜಿ. ಕಾಗೆಯ ಮೈಯಂಥ ದೊಡ್ಡ ಕಪ್ಪಿಗೆ ಜಾಸ್ತಿ ಹೊತ್ತು ಬೇಕು. ಖಾಲಿ ಆಕಾಶದ ಮೇಲೆ ಉಜ್ಜಿದರೆ ಕಾಗದ ಒಳಗೆ ತಗ್ಗಿ ಕಲೆ ಬೀಳುತ್ತದೆ.

ಒಂದು ಮೂಲೆಯನ್ನು ಒತ್ತಿ ಹಿಡಿದು ಎದುರಿನ ಮೂಲೆ ಎತ್ತಿ ನೋಡಿ. ಕಪ್ಪಿನಲ್ಲಿ ಬಿಳಿ ಚುಕ್ಕೆಗಳಿದ್ದರೆ ವಾಪಸ್ ಇಳಿಸಿ ಅಲ್ಲಿ ಮತ್ತೆ ಉಜ್ಜಿ. ಉಜ್ಜಿದರೂ ಹೋಗದಿದ್ದರೆ ಮುಂದಿನ ಸಲ ಇಂಕ್ ಸ್ವಲ್ಪ ಹೆಚ್ಚಿಸಿ. ಸಣ್ಣ ಗೆರೆ ಮುಚ್ಚಿಹೋಗುತ್ತಿದ್ದರೆ ಕಡಿಮೆ ಮಾಡಿ. ಕಾಗದ ಹರಿದು ಬಂದರೆ ಇಂಕ್ ತೀರಾ ಅಂಟು, ಒಂದು ತೊಟ್ಟು ಅಗಸೆ ಎಣ್ಣೆ ಕೊಡಿ.

ಎರಡನೇ ಬಣ್ಣ

ಒಂದೇ ಬ್ಲಾಕಿನಲ್ಲಿ ಎರಡು ಬಣ್ಣ ಮಾಡುವ ದಾರಿಯೂ ಇದೆ. ಪಿಕಾಸೊ 1958ರಲ್ಲಿ ಜರ್ಮನಿಯ ಹಳೇ ಕಲಾವಿದ ಕ್ರಾನಾಕ್ ಬರೆದ ಚಿತ್ರವೊಂದನ್ನು ಆಧರಿಸಿ ಲಿನೋಕಟ್ ಮಾಡಿದಾಗ ಬಣ್ಣಕ್ಕೊಂದರಂತೆ ಬೇರೆ ಬೇರೆ ಬ್ಲಾಕ್ ಕೆತ್ತಿದ್ದರು. ಅವನ್ನೆಲ್ಲ ಒಂದರ ಮೇಲೊಂದು ಸರಿಯಾಗಿ ಕೂರಿಸುವುದು ದೊಡ್ಡ ತಲೆನೋವು. ಆಮೇಲೆ ಅವರು ಒಂದೇ ಬ್ಲಾಕನ್ನು ಹಂತ ಹಂತವಾಗಿ ಕೆತ್ತುತ್ತಾ, ಪ್ರತಿ ಹಂತಕ್ಕೂ ಒಂದು ಬಣ್ಣ ಹಾಕುವ ಕ್ರಮ ಹಿಡಿದರು.

ನಮ್ಮ ಕಾಗೆಗೆ ಸಂಜೆಯ ಕಿತ್ತಳೆ ಆಕಾಶ ಬೇಕು ಅನ್ನಿ. ಹೊಸ ಬ್ಲಾಕಿನಲ್ಲಿ ಮೊದಲು ಬಿಳಿಯಾಗಿ ಉಳಿಯಬೇಕಾದದ್ದನ್ನು ಮಾತ್ರ ಕೆತ್ತಿ, ಚಂದ್ರ ಇದ್ದರೆ ಚಂದ್ರ. ಎಲ್ಲ ಕಾಗದಗಳ ಮೇಲೂ ಕಿತ್ತಳೆ ಬಣ್ಣ ಅಚ್ಚು ಹಾಕಿ. ಬ್ಲಾಕ್ ಒರೆಸಿ, ರೆಕ್ಕೆಯ ಗೆರೆಗಳನ್ನೂ ಇಡೀ ಆಕಾಶವನ್ನೂ ಕೆತ್ತಿ ತೆಗೆಯಿರಿ. ಕಿತ್ತಳೆ ಒಣಗಿದ ಮೇಲೆ ಅದರ ಮೇಲೆ ಕಪ್ಪು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಇಲ್ಲಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಆಕಾಶ ಕೆತ್ತಿದ ಮೇಲೆ ಇನ್ನೊಂದು ಕಿತ್ತಳೆ ಹಾಳೆ ಬೇಕೆಂದರೂ ಸಿಗುವುದಿಲ್ಲ. ಹತ್ತು ಪ್ರತಿ ಬೇಕಿದ್ದರೆ ಹದಿನೈದು ಹಾಳೆಯಿಂದ ಶುರು ಮಾಡಿ.

ಒಣಗಿಸುವುದು, ತೊಳೆಯುವುದು, ಅಂಕಿ ಹಾಕುವುದು

ಬಟ್ಟೆ ಒಣಗಿಸುವ ಹಗ್ಗ ಮತ್ತು ಕ್ಲಿಪ್ಪು ಸಾಕು. ಬಿಸಿಲು ಬೀಳದ ಕೋಣೆ, ಫ್ಯಾನ್ ನಿಧಾನಕ್ಕೆ. ಜೋರಾಗಿ ಹಾಕಿದರೆ ಹಾಳೆಗಳು ಒಂದಕ್ಕೊಂದು ಬಡಿದು ಮಸಿ ಹತ್ತುತ್ತದೆ. ಒಣ ಹವೆಯಲ್ಲಿ ಎಣ್ಣೆಯ ಇಂಕ್ ಎರಡರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಇಂಕ್ ತೆಳುವಾಗಿ ಹಚ್ಚಿ, ತಾಳ್ಮೆ ಇಟ್ಟುಕೊಳ್ಳಿ.

ತೊಳೆಯಲು ಸೀಮೆಎಣ್ಣೆ, ಟರ್ಪಂಟೈನ್ ಬೇಕಿಲ್ಲ. ಗಾಜಿನ ಮೇಲಿನ ಇಂಕನ್ನು ಹಳೇ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಅಡುಗೆ ಎಣ್ಣೆ ಹಾಕಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪು. ಲಿನೋವನ್ನು ನೀರಿನಲ್ಲಿ ನೆನೆಸಬೇಡಿ, ಹಿಂಬದಿಯ ಸೆಣಬು ಉಬ್ಬುತ್ತದೆ. ರೋಲರನ್ನು ರಬ್ಬರ್ ಮೇಲೆ ನಿಲ್ಲಿಸಬೇಡಿ, ಒಂದು ಬದಿ ಚಪ್ಪಟೆಯಾಗುತ್ತದೆ. ಅಗಸೆ ಎಣ್ಣೆಯ ಇಂಕ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ರಾಶಿಯಲ್ಲಿದ್ದರೆ ತಾನಾಗಿ ಬೆಂಕಿ ಹತ್ತುವ ಅಪಾಯ ಇದೆ. ಹರಡಿ ಒಣಗಿಸಿ.

ಒಣಗಿದ ಅಚ್ಚುಗಳಲ್ಲಿ ಒಂದೇ ಸಮ ಇರುವವನ್ನು ಆರಿಸಿ. ಚಿತ್ರದ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 3/10 ಅಂತ ಬರೆದರೆ ಹತ್ತು ಪ್ರತಿಗಳಲ್ಲಿ ಮೂರನೆಯದು ಅಂತ ಅರ್ಥ. ನಡುವೆ ಹೆಸರು, ಬಲಕ್ಕೆ ಸಹಿ ಮತ್ತು ವರ್ಷ. ನಿಮಗಾಗಿ ಇಟ್ಟುಕೊಳ್ಳುವ ಒಂದೆರಡಕ್ಕೆ ಅಂಕಿಯ ಬದಲು ಎ/ಪಿ ಅಂತ ಹಾಕುವುದು ರೂಢಿ, ಕಲಾವಿದರ ಸ್ವಂತ ಪ್ರತಿ ಅಂತ. ಹತ್ತು ಅಂತ ಬರೆದ ಮೇಲೆ ಹನ್ನೊಂದನೆಯದನ್ನು ಮಾರಬಾರದು. ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು ಮಟ್ಟಸವಾಗಿ ಇಡಿ. ಬ್ಲಾಕನ್ನು ಒರೆಸಿ, ನ್ಯೂಸ್‌ಪ್ರಿಂಟ್ ಸುತ್ತಿ, ಬೀರುವಿನಲ್ಲಿ ಚಪ್ಪಟೆಯಾಗಿ ಮಲಗಿಸಿ. ಹೊರಗೆ ಹೆಸರು ಮತ್ತು ಎಷ್ಟು ಪ್ರತಿ ತೆಗೆದಿರಿ ಅನ್ನುವುದನ್ನು ಬರೆದಿಡಿ.